ಒಂದು ಗೀರು, ಎರಡು ಗೀರು

ಫೆಬ್ರವರಿ ೯

ಗುಬ್ಬಿ,

ರಜೆಯ ಎಂಟನೇ ದಿನ. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಸುತ್ತುತ್ತಿದ್ದೇನೆ. ಬೆಳಿಗ್ಗೆ ಎದ್ದವಳೇ ಪರದೆಗಳನ್ನೆಲ್ಲ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದು, ಎಡಗಡೆಯದರಲ್ಲಿ ಕೆಂಪು ಒಂಚೂರು ಜಾಸ್ತಿ ಅಂತ ಅಮ್ಮನಿಗೆ ತೋರಿಸಿದೆ. "ಹತ್ತು ವರ್ಷದಿಂದ ನೇತಾಡ್ತಿವೆ, ಯಾರಿಗೂ ಏನೂ ಆಗಿಲ್ಲ. ವಾಪಸ್ ಹಾಕು" ಅಂದಳು. ಹಾಕಿದೆ. ಆ ಕೆಂಪು ನಿಜವಾಗಿ ಕಂಡಿತೋ, ಕಾಣಲೇಬೇಕೆಂಬ ಹಟಕ್ಕೆ ಕಂಡಿತೋ, ನನಗೇ ಗೊತ್ತಿಲ್ಲ.

ಕಾಗದ ಯಾಕೆ ಬರೆಯುತ್ತಿದ್ದೇನೆ ಅಂತ ನಗಬೇಡ. ಡಾಕ್ಟರಮ್ಮ ಫೋನು, ಟೀವಿ, ಪರದೆ ಇರುವ ಯಾವುದನ್ನೂ ಮುಟ್ಟಬಾರದು ಅಂದಿದ್ದಾಳೆ. ಆರು ತಿಂಗಳು ಕಣ್ಣಿಗೆ ಪೂರ್ತಿ ವಿಶ್ರಾಂತಿ. ಜುಲೈ ಕೊನೆಗೆ ಬಿಲ್ಲೆಯ ಪರೀಕ್ಷೆ. ಎಂಬತ್ತೈದು ಬಣ್ಣದ ಬಿಲ್ಲೆಗಳನ್ನು ತಿಳಿಯಿಂದ ಗಾಢಕ್ಕೆ, ನೀಲಿಯಿಂದ ಹಸಿರಿಗೆ ಸಾಲಾಗಿ ಜೋಡಿಸಿದರೆ ಮತ್ತೆ ನನ್ನ ಕುರ್ಚಿ. ತಪ್ಪು ಎಂಟು ದಾಟಿದರೆ ಗೋಡೌನ್. ಹದಿನಾಲ್ಕು ವರ್ಷ ಬಣ್ಣ ನೋಡಿದವಳು ಇನ್ನು ಮೇಲೆ ಬಟ್ಟೆಯ ಥಾನುಗಳಿಗೆ ಚೀಟಿ ಅಂಟಿಸುತ್ತಾ ಕೂರಬೇಕು.

ನಿನ್ನೆ ಅಮ್ಮ ಕೇಳಿದಳು, "ಅಷ್ಟಕ್ಕೂ ಅಲ್ಲಿ ನೀನು ಮಾಡೋದೇನೇ?" ಹದಿನಾಲ್ಕು ವರ್ಷವಾದ ಮೇಲೆ ಕೇಳುತ್ತಿದ್ದಾಳೆ! ಕೂರಿಸಿ ಹೇಳಿದೆ. ಬಣ್ಣ ಹಾಕಿದ ಬಟ್ಟೆಯ ತುಂಡು ಬರುತ್ತದೆ, ಗಿರಾಕಿ ಕೊಟ್ಟ ಮಾದರಿಯ ಪಕ್ಕ ದೀಪದ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಾನೂ ಗುಬ್ಬಿಯೂ ನಡುವೆ ಹಲಗೆ ಹಾಕಿಕೊಂಡು, ಒಬ್ಬರಿಗೊಬ್ಬರು ಮಾತಾಡದೆ ನೋಡುತ್ತೇವೆ. ಬಣ್ಣ ಕೂಡಿದರೆ ಚೀಟಿಯ ಮೇಲೆ ಒಂದು ಗೀರು, ಕೂಡದಿದ್ದರೆ ಅಡ್ಡಡ್ಡ ಎರಡು ಗೀರು. ಚೀಟಿ ಬೋರಲು ಹಾಕುತ್ತೇವೆ, ಮೇಲ್ವಿಚಾರಕ ಕೆಮ್ಮಣ್ಣ ತಿರುಗಿಸಿ ನೋಡುತ್ತಾನೆ. ಎರಡೂ ಚೀಟಿಯಲ್ಲಿ ಒಂದೊಂದೇ ಗೀರಿದ್ದರೆ ಬಟ್ಟೆ ಪಾಸು. ಅಮ್ಮ ಎಲ್ಲ ಕೇಳಿಸಿಕೊಂಡು, "ಗೀರು ಎಳೆಯೋದಕ್ಕೆ ಸಂಬಳ ಕೊಡ್ತಾರಾ?" ಅಂದಳು.

ಆ ನೀಲಿಯ ವಿಷಯ ಆಫೀಸಿನಲ್ಲಿ ತಣ್ಣಗಾಯಿತೇ? ಕೆಮ್ಮಣ್ಣ ಏನಂತಾನೆ? ನೀನು ಹೇಗಿದ್ದೀ? ನಾನು ಹೊರಟ ದಿನ ನೀನು ಗೇಟಿನ ತನಕ ಬರಲಿಲ್ಲ. ಕೆಲಸ ಇತ್ತೇನೋ.

ಬೇಗ ಬರಿ.

ನಿನ್ನ ಹದ್ದು


ಫೆಬ್ರವರಿ ೨೭

ಗುಬ್ಬಿ,

ಅಂಚೆಯವನು ನಮ್ಮ ಬೀದಿಗೆ ಹನ್ನೊಂದೂವರೆಗೆ ಬರುತ್ತಾನೆ ಅಂತ ಈಗ ಗೊತ್ತಾಗಿದೆ. ಹನ್ನೊಂದರಿಂದಲೇ ಬಾಗಿಲಲ್ಲಿ ನಿಂತಿರುತ್ತೇನೆ. ನಿನ್ನೆ ಅವನೇ ಪಾಪ ಅನ್ನಿಸಿಯೋ ಏನೋ, ಪಕ್ಕದ ಮನೆಯವರ ಕರೆಂಟ್ ಬಿಲ್ಲನ್ನು ನನ್ನ ಕೈಗೆ ಕೊಟ್ಟು ಹೋದ.

ಅಡುಗೆಮನೆಯ ಬಾಗಿಲಿಗೆ ಬಣ್ಣ ಹೊಡೆದೆ. ಸರಿ ಹೋಗಲಿಲ್ಲ. ಕೆರೆದು ಮತ್ತೆ ಹೊಡೆದೆ. ಮೂರನೇ ಸಲ ಡಬ್ಬಿ ತೆಗೆದಾಗ ಅಮ್ಮ ಅದನ್ನು ಕಸಿದುಕೊಂಡು, "ನಿನಗೆ ರಜೆ ಕೊಡೋ ಮೊದಲು ಅವರು ನನ್ನನ್ನ ಕೇಳಬೇಕಿತ್ತು" ಅಂದಳು.

ಎರಡು ಸಾಲಾದರೂ ಸಾಕು.

ಹದ್ದು


ಮಾರ್ಚ್ ೧೧

ಹದ್ದು,

ನಿನ್ನ ಎರಡೂ ಕಾಗದ ಬಂದವು. ಪುರುಸೊತ್ತು ಇರಲಿಲ್ಲ. ನಿನಗೆ ರಜೆ ಬಂತು, ನನಗೆ ನಿನ್ನ ಕೆಲಸ ಬಂತು. ದಿನಕ್ಕೆ ನೂರಿಪ್ಪತ್ತು ತುಂಡು ಇದ್ದದ್ದು ಈಗ ನೂರಾ ಎಂಬತ್ತು. ಮಾತು ಖಾರವಾಗಿದ್ದರೆ ಇರಲಿ. ನಿಜ ಇರುವುದೇ ಹಾಗೆ.

ನಿನ್ನ ಕುರ್ಚಿಗೆ ಒಣಗಿಸುವ ಯಂತ್ರದ ಕಡೆಯಿಂದ ಒಬ್ಬರನ್ನು ತಂದಿದ್ದಾರೆ. ಐವತ್ತು ದಾಟಿದ ಮನುಷ್ಯ. ಎಲ್ಲರೂ ಹೊಸಬ ಅಂತಲೇ ಕರೆಯುತ್ತಾರೆ, ಅವರಿಗೂ ಅಭ್ಯಾಸವಾಗಿದೆ. ಒಂದೊಂದು ತುಂಡಿಗೂ ನಿಧಾನವಾಗಿ ಕಣ್ಣು ಮುಚ್ಚಿ ತೆರೆದು ನೋಡುತ್ತಾರೆ. ಕೆಮ್ಮಣ್ಣ ಹಿಂದೆ ನಿಂತು ಕೆಮ್ಮಿ ಕೆಮ್ಮಿ ಗಂಟಲು ಹರಿದುಕೊಂಡರೂ ಅವರಿಗೆ ಅದು ಅವಸರದ ಕೆಮ್ಮು ಅಂತ ಇನ್ನೂ ಹೊಳೆದಿಲ್ಲ. ಬಿಸಿನೀರು ತಂದುಕೊಡಲಾ ಸಾರ್ ಅಂತ ಕೇಳಿದರು.

ನೀಲಿಯ ವಿಷಯ ತಣ್ಣಗಾಗಿದೆ. ನಾವು ಪಾಸು ಮಾಡಿದ ಆಸ್ಪತ್ರೆಯ ನಾಲ್ಕು ಸಾವಿರ ಜೊತೆ ಸಮವಸ್ತ್ರವೂ ವಾಪಸ್ ಬಂದು ಗೋಡೌನಿನಲ್ಲಿದೆ. ಮೊನ್ನೆ ನೋಡಿದೆ. ಮೇಲಂಗಿ ನೀಲಿ, ಪ್ಯಾಂಟು ಹಸಿರು ಬೆರೆತ ನೀಲಿ. ಆ ಆಸ್ಪತ್ರೆಯವರು ಪೆಟ್ಟಿಗೆ ತೆರೆದ ದಿನ ನಕ್ಕಿರಬೇಕು, ಇಲ್ಲ ಅತ್ತಿರಬೇಕು. "ತಪ್ಪು ಒಬ್ಬರದು, ಅವರೇ ಒಪ್ಪಿಕೊಂಡಿದ್ದಾರೆ" ಅಂತ ಕಡತ ಮುಚ್ಚಿದ್ದಾರಂತೆ.

ನಿನ್ನ ಫೋಟೋ ಇನ್ನೂ ಗೋಡೆಯ ಮೇಲೇ ಇದೆ. 'ವರ್ಷದ ಉತ್ತಮ ಜೋಡಿ' ಅಂತ ನನ್ನದೂ ಪಕ್ಕದಲ್ಲಿ. ತೆಗೆಯಲು ಯಾರಿಗೂ ನೆನಪಿಲ್ಲ.

ನಿನಗೆ ಒಂದು ಮಾತು ಹೇಳುವುದಿತ್ತು. ಬೇಡ ಬಿಡು. ಅಮ್ಮನಿಗೆ ಕೇಳಿದೆ ಅಂತ ಹೇಳು.

ಗುಬ್ಬಿ


ಏಪ್ರಿಲ್ ೨

ಗುಬ್ಬಿ,

ಬೇಡ ಬಿಡು ಅಂದರೆ ನನ್ನಂಥವಳಿಗೆ ಬಿಡಲು ಆಗುತ್ತದೆಯೇ? ಮೂರು ವಾರ ಅದನ್ನೇ ಅಗಿಯುತ್ತಿದ್ದೇನೆ. ಏನು ಮಾತು?

ಮೊದಲ ತಿಂಗಳು ಸುಮ್ಮನೆ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ ವಾಪಸ್ ಬರುತ್ತಿದ್ದೆ. ಬಸ್ಸಿನಲ್ಲೂ ಸುಮ್ಮನಿರಲು ಆಗದು. ಮುಂದಿನ ಸೀಟಿನವಳ ಕೋಟಿನ ತೋಳು ಬೇರೆ ಥಾನಿನದು, ಎದುರಿನ ಅಂಗಡಿಯ ಎರಡು ಬಾಗಿಲು ಬೇರೆ ಬೇರೆ ಹಸಿರು. ಕಣ್ಣು ಮುಚ್ಚಿದರೂ ತುಂಡುಗಳು ಬಂದು ಸಾಲಾಗಿ ನಿಲ್ಲುತ್ತವೆ. ಒಂದು ದಿನ ಕಂಡಕ್ಟರ್ ಟಿಕೆಟ್ ಕೊಟ್ಟರೆ ಅದರ ಹಿಂದೆ ನಾನು ಒಂದು ಗೀರು ಎಳೆದು ಅವನಿಗೇ ವಾಪಸ್ ಕೊಟ್ಟೆ ಕಣೇ! ಅವನು ನನ್ನ ಮುಖ ನೋಡಿದ ರೀತಿಗೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ಇಳಿದ ಜಾಗದಲ್ಲಿ ನೀರಿನ ಟ್ಯಾಂಕಿನ ದೊಡ್ಡ ಗೋಡೆ. ಬರೀ ಸಿಮೆಂಟು, ಬಣ್ಣ ಇಲ್ಲ, ಬರಹ ಇಲ್ಲ. ಎದುರಿಗೆ ಒಂದು ಕಲ್ಲು ಬೆಂಚು. ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ಎದ್ದಾಗ ಕುತ್ತಿಗೆ ಹಗುರವಾಗಿತ್ತು. ಆಮೇಲೆ ದಿನಾ ಹೋಗುತ್ತೇನೆ. ಅಮ್ಮ ಮೊದಮೊದಲು ಅನುಮಾನದಿಂದ ಹಿಂದೆ ಬಂದಳು, ಮಗಳು ಯಾರನ್ನಾದರೂ ಭೇಟಿ ಆಗುತ್ತಿದ್ದಾಳೋ ಅಂತ. ಗೋಡೆ ನೋಡಿ ನಿರಾಶೆಯಾಗಿ ಹೋದಳು.

ಅಲ್ಲಿ ಕೂತಾಗ ನಮ್ಮ ಕೋಣೆಯ ಗೋಡೆ ನೆನಪಾಯಿತು. ನಾವು ಸೇರಿದ ದಿನ, ಬಣ್ಣ ನೋಡುವುದನ್ನು ಕಲಿಸಿದ ಹಳೇ ಮೇಷ್ಟ್ರು ಏನು ಹೇಳಿದ್ದರು? "ಹತ್ತು ತುಂಡು ನೋಡಿ, ಬೂದು ಗೋಡೆ ನೋಡಿ. ಕಣ್ಣಿಗೂ ಉಸಿರು ಬೇಕಮ್ಮಾ, ಬೂದು ಬಣ್ಣವೇ ಅದರ ಉಸಿರು. ಹಿಂದಿನ ಬಣ್ಣ ಕಣ್ಣಿಂದ ಇಳಿದು ಹೋಗೋವರೆಗೆ ಮುಂದಿನದು ಮುಟ್ಟಬೇಡಿ." ನಾವು ಎಷ್ಟು ವರ್ಷದಿಂದ ಆ ಗೋಡೆ ನೋಡಿಲ್ಲ ಹೇಳು? ಮೊದಲು ತಿಂಗಳ ಗುರಿಯ ಪಟ್ಟಿ ಅಂಟಿಸಿದರು. ಆಮೇಲೆ ವಾರದ ಗುರಿ. ಆಮೇಲೆ ಸುರಕ್ಷತೆಯ ಚಿತ್ರ, ಬೆಂಕಿ ಬಿದ್ದರೆ ಎಲ್ಲಿ ಓಡಬೇಕು ಅಂತ. ಕೊನೆಗೆ ನಮ್ಮ ಫೋಟೋ. ನಮ್ಮ ಮುಖಕ್ಕೂ ಜಾಗ ಆ ಗೋಡೆಯಲ್ಲೇ ಸಿಕ್ಕಿತು ನೋಡು.

ಒಂದು ಉಪಕಾರ ಮಾಡು. ಈಗ ಅದರಲ್ಲಿ ಬೂದು ಎಷ್ಟು ಉಳಿದಿದೆ ಅಂತ ಅಳೆದು ಬರಿ.

ಆ ಮಾತನ್ನೂ ಬರಿ.

ಹದ್ದು


ಏಪ್ರಿಲ್ ೨೦

ಹದ್ದು,

ಅಳೆದೆ. ವಾರದ ಗುರಿಗೂ ನಿನ್ನ ಫೋಟೋಗೂ ನಡುವೆ ಒಂದು ಗೇಣು. ಅಷ್ಟೇ. ಕೆಮ್ಮಣ್ಣ ನೋಡಿ, "ಏನಮ್ಮಾ, ಗೋಡೆಗೂ ಬಟ್ಟೆ ಹೊಲಿಸ್ತೀರಾ?" ಅಂದ.

ಇನ್ನು ಆ ಮಾತು. ಮೂರು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವ ಮೊದಲು ಅಂಚೆಗೆ ಹಾಕುತ್ತೇನೆ.

ಆ ನೀಲಿಯ ದಿನ ನಾನು ಬಟ್ಟೆ ನೋಡಲಿಲ್ಲ. ಹಲಗೆಯ ಆಚೆ ನಿನ್ನ ಪೆನ್ಸಿಲ್ಲಿನ ಸದ್ದು ಕೇಳಿದೆ. ಒಂದು ಸಲ ಸರ್ ಅಂದರೆ ಸರಿ, ಎರಡು ಸಲ ಅಂದರೆ ಬೇಡ. ನೀನು ಒಂದು ಎಳೆದೆ, ನಾನೂ ಒಂದು ಎಳೆದೆ. ಅದೊಂದೇ ದಿನವಲ್ಲ. ಎಷ್ಟೋ ತಿಂಗಳಿಂದ ಹಾಗೇ. ನನ್ನ ಕಣ್ಣು ಮಂಜಾಗಿತ್ತು, ಮಧ್ಯಾಹ್ನದ ಮೇಲೆ ಎಲ್ಲಾ ಒಂದೇ ಥರ. ಹೇಳಿದರೆ ಗೋಡೌನಿಗೆ ಹಾಕುತ್ತಾರೆ ಅಂತ ಹೆದರಿ, ಹದ್ದಿನ ಕಣ್ಣಿದೆಯಲ್ಲ, ಅವಳ ಹಿಂದೆ ಹೋದರೆ ಸಾಕು ಅಂದುಕೊಂಡೆ.

ನೀನು ಆಫೀಸಿಗೆ ಹೋಗಿ "ಕಣ್ಣು ನನ್ನದೇ ಹೋಗಿದೆ, ತಪ್ಪು ನನ್ನದು" ಅಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಗೇಟಿನ ತನಕ ಬರಲಿಲ್ಲ ಅಂದೆಯಲ್ಲ, ಯಾವ ಮುಖ ಇಟ್ಟುಕೊಂಡು ಬರಲಿ?

ಬೈದು ಬರಿ. ಕಾಯುತ್ತಿರುತ್ತೇನೆ.

ಗುಬ್ಬಿ


ಮೇ ೮

ಹದ್ದು,

ಉತ್ತರ ಇಲ್ಲ. ಇರಲಿ. ನಾನು ನಿನ್ನನ್ನು ಒಂದು ತಿಂಗಳು ಕಾಯಿಸಿದ್ದೆ, ಲೆಕ್ಕ ಸರಿಯಾಯಿತು.

ಗುಬ್ಬಿ


ಮೇ ೩೦

ಹದ್ದು,

ಬೈದಾದರೂ ಬರಿ ಕಣೇ. ಸುಮ್ಮನಿರಬೇಡ.

ಮೊನ್ನೆ ಮಗಳು ಚಿತ್ರ ಬರೆದು ತಂದಳು. ಕೆಳಗೆ ಸಮುದ್ರ, ಮೇಲೆ ಆಕಾಶ. "ಎರಡಕ್ಕೂ ಒಂದೇ ಬಣ್ಣ ಹಚ್ಚಿದ್ದೀಯಲ್ಲೇ, ಅಷ್ಟೂ ಗೊತ್ತಾಗಲ್ವಾ?" ಅಂತ ರೇಗಿದೆ. ಮಗು ಅಳುತ್ತಾ ಹೋಗಿ ಅಪ್ಪನಿಗೆ ತೋರಿಸಿತು. ಅವರು ಚಿತ್ರ ನೋಡಿದರು, ನನ್ನ ನೋಡಿದರು. "ಸಮುದ್ರ ಹಸಿರಾಗಿದೆ, ಆಕಾಶ ನೀಲಿ. ನಿನಗೆ ಕಾಣಿಸ್ತಿಲ್ವಾ?" ಅಂದರು. ಕಾಣಿಸುತ್ತಿರಲಿಲ್ಲ.

ಆ ಚಿತ್ರ ಚೀಲದಲ್ಲೇ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸಂಜೆ ನೋಡಿದರೆ ಇಲ್ಲ. ಎಂಟು ವರ್ಷದ ಮಗುವಿನ ಹತ್ತಿರ ತಪ್ಪಾಯ್ತು ಅಂದೆ. ಅದು, "ಪರವಾಗಿಲ್ಲಮ್ಮ, ಇನ್ನೂ ದಪ್ಪಗೆ ಹಚ್ತೀನಿ" ಅಂತು.

ನೀನಿಲ್ಲದೆ ಆ ಕೋಣೆಯಲ್ಲಿ ನನಗೆ ದಿಕ್ಕೇ ತೋಚುವುದಿಲ್ಲ. ಹೊಸಬರ ಪೆನ್ಸಿಲ್ಲು ಸದ್ದೇ ಮಾಡುವುದಿಲ್ಲ, ಅಷ್ಟು ಮೆಲ್ಲಗೆ ಎಳೆಯುತ್ತಾರೆ.

ಗುಬ್ಬಿ


ಜೂನ್ ೧೪

ಗುಬ್ಬಿ,

ನಿನ್ನ ಏಪ್ರಿಲ್ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ಟ್ಯಾಂಕಿನ ಗೋಡೆಗೂ ಹೋಗಲಿಲ್ಲ, ಊಟವೂ ಸೇರಲಿಲ್ಲ. ಅಮ್ಮ ಕೇಳಿದ್ದಕ್ಕೆ ಕಾಗದ ಅವಳ ಮುಂದೆ ಎಸೆದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. "ಇವಳು ಮಾಡಿದ್ದು ತಪ್ಪೇ. ಸರಿ, ನಿನಗ್ಯಾಕೆ ಇಷ್ಟು ಬೆವರು?" ಅಂದಳು. ನಿಜವಾಗಲೂ ಬೆವರುತ್ತಿದ್ದೆ.

ಎರಡು ತಿಂಗಳು ಬೇಕಾಯಿತು ನನಗೆ ಇದನ್ನು ಬರೆಯಲು. ಗುಬ್ಬಿ, ನಾನೂ ನಿನ್ನ ಪೆನ್ಸಿಲ್ಲು ಕೇಳುತ್ತಿದ್ದೆ.

ಹೌದು. ಹದ್ದು ಹದ್ದು ಅಂತ ನೀವೆಲ್ಲ ತಲೆಯ ಮೇಲೆ ಕೂರಿಸಿದ್ದಿರಿ. ಹದ್ದಿಗೆ ಕಾಣಿಸುತ್ತಿಲ್ಲ ಅಂತ ಯಾರ ಹತ್ತಿರ ಹೇಳಲಿ? ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ತಲೆನೋವು ಶುರುವಾಯಿತು. ರಜೆ ಕೇಳಿದ್ದೆ, ನೆನಪಿದೆಯಾ? ಈ ಆರ್ಡರ್ ಮುಗಿಯಲಿ ಅಂದ ಕೆಮ್ಮಣ್ಣ. ಅದು ಮುಗಿದಾಗ ಇನ್ನೊಂದು. ಆಮೇಲೆ ಕೇಳುವುದನ್ನೇ ಬಿಟ್ಟೆ. ಸಾಲು ಸಾಲು ತುಂಡುಗಳ ಮಧ್ಯೆ, ನಿನ್ನ ಕಡೆಯಿಂದ ಸರ್ ಅಂದರೆ ನಾನೂ ಎಳೆಯುವುದು. ಸುಲಭವಾಗಿತ್ತು.

ಆ ನೀಲಿಯ ದಿನ ನೆನೆಸಿಕೋ. ಎಷ್ಟು ಹೊತ್ತು ಕೋಣೆ ನಿಶ್ಶಬ್ದವಾಗಿತ್ತು? ನೀನು ನನಗಾಗಿ ಕಾಯುತ್ತಿದ್ದೆ, ನಾನು ನಿನಗಾಗಿ ಕಾಯುತ್ತಿದ್ದೆ. ಕೆಮ್ಮಣ್ಣ ಕೆಮ್ಮಿದ. ಯಾರಾದರೂ ಎಳೆಯಲೇಬೇಕಿತ್ತು, ನಾನು ಎಳೆದೆ. ಎರಡು ಎಳೆದರೆ ಬಟ್ಟೆ ವಾಪಸ್ ಹೋಗುತ್ತದೆ, ಕಾರಣ ಕೇಳುತ್ತಾರೆ. ಒಂದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಅಷ್ಟಕ್ಕೇ ಒಂದು ಎಳೆದೆ. ನಮ್ಮಿಬ್ಬರ ಕಿವಿ ಹಲಗೆಯ ಮೇಲಿತ್ತು, ಬಟ್ಟೆಯ ಮೇಲೆ ಯಾರ ಕಣ್ಣೂ ಇರಲಿಲ್ಲ.

ಇನ್ನೊಂದು. ತಪ್ಪು ನನ್ನದೊಬ್ಬಳದೇ ಅಂತ ನಾನು ಒಪ್ಪಿಕೊಂಡದ್ದು ನಿನ್ನ ಮೇಲಿನ ಪ್ರೀತಿಗಲ್ಲ. ನಿನ್ನನ್ನು ವಿಚಾರಿಸಿದರೆ ನೀನು ಸದ್ದಿನ ವಿಷಯ ಬಾಯಿಬಿಡುತ್ತೀ, ಆಗ ನನ್ನದೂ ಹೊರಬರುತ್ತದೆ ಅನ್ನಿಸಿತು. ಕಣ್ಣು ಹೋಯಿತು ಅಂದರೆ ಕನಿಕರ. ಕಳ್ಳಾಟ ಅಂದರೆ ಹೆಸರೇ ಹೋಗುತ್ತದೆ. ನೀನು ನನ್ನನ್ನು ದೊಡ್ಡ ಮನಸ್ಸಿನವಳು ಅಂದುಕೊಂಡು ಇಷ್ಟು ದಿನ ಕೊರಗಿದ್ದೀ. ಅದನ್ನು ನೋಡುತ್ತಾ ಸುಮ್ಮನಿರಲು ನನಗೆ ನಾಚಿಕೆಯಾಗುತ್ತಿದೆ.

ನಮಗೆ ಫೋಟೋ ಹಾಕಿದ್ದು ಯಾತಕ್ಕೆ ಹೇಳು? ಹನ್ನೊಂದು ತಿಂಗಳಲ್ಲಿ ನಮ್ಮಿಬ್ಬರ ಚೀಟಿ ಒಂದು ಸಲವೂ ಬೇರೆಯಾಗಲಿಲ್ಲ ಅಂತ. ಮೊದಲೆಲ್ಲ ವಾರಕ್ಕೆ ಎರಡು ಸಲ ಕಿತ್ತಾಡುತ್ತಿದ್ದೆವು, ನೆನಪಿದೆಯಾ? ಕಾಫಿಬಣ್ಣದ ಬಟ್ಟೆಗೆ ನೀನು ಮೂರು ದಿನ ಮಾತು ಬಿಟ್ಟಿದ್ದೆ. ಆಗ ನಾವಿಬ್ಬರೂ ನೋಡುತ್ತಿದ್ದೆವು.

ಇನ್ನು ನೀನು ಬೈಯಬಹುದು.

ಹದ್ದು


ಜುಲೈ ೩

ಹದ್ದು,

ಬೈಯೋಣ ಅಂತಲೇ ಕೂತೆ. ನಗು ಬಂತು. ಆಮೇಲೆ ಅಳುವೂ ಬಂತು. ಇಬ್ಬರು ಕುರುಡರು ಒಬ್ಬರ ಕೈ ಒಬ್ಬರು ಹಿಡಿದು ರಸ್ತೆ ದಾಟಿದ ಹಾಗಾಯಿತಲ್ಲೇ ನಮ್ಮ ಕಥೆ!

ಮಾರನೇ ದಿನ ಕೆಮ್ಮಣ್ಣನ ಮೇಜಿನ ಮುಂದೆ ನಿಂತು ಎಲ್ಲಾ ಹೇಳಿಬಿಟ್ಟೆ. ನಿನ್ನದನ್ನೂ ಹೇಳಿದೆ. ಕೇಳದೆ ಹೇಳಿದೆ, ಕ್ಷಮಿಸು. ಅವನು ಕೆಮ್ಮಲೂ ಮರೆತ.

"ಹಾಗಾದ್ರೆ ಹನ್ನೊಂದು ತಿಂಗಳು ಪಾಸಾದ ಬಟ್ಟೆ ಎಲ್ಲಾ?"

"ಬಹಳಷ್ಟು ಸರಿಯಾಗೇ ಇತ್ತು ಸಾರ್. ಡೈ ಹಾಕೋರು ಒಳ್ಳೆಯವರು."

"ಅಲ್ಲಮ್ಮಾ, ಒಂದು ಮಾತು ಹೇಳಬಾರದಿತ್ತಾ?"

"ಅವಳು ಮೂರು ಸಲ ರಜೆ ಕೇಳಿದ್ದಳು ಸಾರ್."

ಅವನು ಎದ್ದು ಹೊರಗೆ ಹೋದ. ಮಧ್ಯಾಹ್ನ ಡಾಕ್ಟರಮ್ಮನ ಜೊತೆ ನಮ್ಮ ಕೋಣೆಗೆ ಬಂದ. ಆಯಮ್ಮ ನನ್ನ ಕುರ್ಚಿಯಲ್ಲಿ ಕೂತು ಎದುರು ನೋಡಿ, "ಇವರು ಕಣ್ಣು ಎಲ್ಲಿ ಇಡ್ಬೇಕು?" ಅಂತ ಕೇಳಿದಳು. ಕೆಮ್ಮಣ್ಣ ಗೋಡೆ ನೋಡಿದ. ತಾನೇ ಒಂದೊಂದೇ ಪಟ್ಟಿ ಕಿತ್ತ. ಬೆಂಕಿಯ ಚಿತ್ರ ಮಾತ್ರ ಬಾಗಿಲಿನ ಹಿಂದಕ್ಕೆ ಹೋಯಿತು, ಅದು ಕಾಯಿದೆಯಂತೆ. ನಮ್ಮ ಫೋಟೋವನ್ನು ನಾನೇ ಕಿತ್ತೆ. ಹಿಂದೆ ಗೋಡೆ ಹೊಸದರ ಹಾಗೆ ಇತ್ತು, ಉಳಿದ ಕಡೆಗಿಂತ ಒಂದು ಛಾಯೆ ಗಾಢ. ಅದು ನನಗೆ ಕಾಣಿಸಿತು.

ನನಗೂ ರಜೆ ಬರೆದಿದ್ದಾರೆ, ಆಗಸ್ಟ್ ಒಂದರಿಂದ, ಮೂರು ತಿಂಗಳು. ಆಮೇಲೆ ನನಗೂ ಬಿಲ್ಲೆ. ಇನ್ನು ಮುಂದೆ ಎರಡು ವರ್ಷಕ್ಕೊಮ್ಮೆ ಎಲ್ಲರಿಗೂ ಸರದಿಯಲ್ಲಿ ಬಿಡುವು, ಕೇಳಿದರೂ ಕೇಳದಿದ್ದರೂ. ಹೊಸಬರನ್ನು ಖಾಯಂ ಮಾಡಿದ್ದಾರೆ.

ನನಗೆ ರಜೆ ಬೇಡ ಅನಿಸುತ್ತಿದೆ ಹದ್ದು. ಮನೆಯಲ್ಲಿ ನಾನೇನು ಮಾಡಲಿ? ಈಗಲೇ ಕೈಕಾಲು ಆಡುತ್ತಿಲ್ಲ. ನೀನು ಬಿಲ್ಲೆಯಲ್ಲಿ ಪಾಸಾಗದಿದ್ದರೆ ಆ ಕುರ್ಚಿ ಎರಡೂ ಹೋಗುತ್ತವಲ್ಲ ಅಂತ ಇನ್ನೊಂದು ಭಯ. ಪಾಸಾಗು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು. ಬೇಡ, ಎಣ್ಣೆ ಬಿಡಬೇಡ, ಡಾಕ್ಟರಮ್ಮ ಬೈತಾಳೆ.

ಗುಬ್ಬಿ


ಆಗಸ್ಟ್ ೧೨

ಗುಬ್ಬಿ,

ನಿನ್ನ ಚೀಟಿ ಬಂತು. ರಜೆಯ ಎಂಟನೇ ದಿನವೇ ಮಗಳ ಬಣ್ಣದ ಪೆನ್ಸಿಲ್ಲುಗಳನ್ನೆಲ್ಲ ಛಾಯೆಯ ಪ್ರಕಾರ ಜೋಡಿಸಿಟ್ಟೆಯಂತೆ, ಅವಳು ಸಂಜೆ ಬಂದು ಕೆದರಿಹಾಕಿದಳಂತೆ. ಒಳ್ಳೇ ಕೆಲಸ ಮಾಡಿದಳು. ದಿನಾ ಕೆದರಲಿ. ಮೊದಲ ತಿಂಗಳು ಹೀಗೇ ಇರುತ್ತದೆ, ಬಸ್ಸಿನ ಟಿಕೆಟ್ಟಿಗೆ ಗೀರು ಎಳೆಯದಿದ್ದರೆ ಸಾಕು. ಟ್ಯಾಂಕಿನ ಗೋಡೆಗೆ ಹೋಗು, ಕೊನೆಯ ಸ್ಟಾಪಿಗಿಂತ ಎರಡು ಹಿಂದೆ ಇಳಿ. ಬೆಂಚಿನ ಬಲಗಡೆ ನೆರಳಿರುತ್ತದೆ. ಅಮ್ಮ ಈಗಲೂ ಅಲ್ಲಿಗೆ ಹೋಗುತ್ತಾಳೆ, ನಾನು ಕೆಲಸಕ್ಕೆ ಬಂದ ಮೇಲೆ ಮನೆಯಲ್ಲಿ ಬೇಜಾರಂತೆ!

ಪರೀಕ್ಷೆಯಲ್ಲಿ ಏಳು ತಪ್ಪು. ಎಂಟರವರೆಗೆ ಬಿಡುತ್ತಾರೆ. ನೀಲಿ ಹಸಿರಾಗುವ ಕಡೆಯೇ ಐದು ಬಿಲ್ಲೆ ಹಿಂದೆಮುಂದಾದವು. ಮೊದಲಿನ ಹದ್ದು ನಾನಲ್ಲ. ಅದನ್ನು ಕೆಮ್ಮಣ್ಣನಿಗೆ ಮೊದಲ ದಿನವೇ ಹೇಳಿದೆ. ನೀಲಿ ಹಸಿರು ಬಂದರೆ ನನ್ನ ಚೀಟಿ ಒಂದನ್ನೇ ನಂಬಬೇಡಿ ಅಂದೆ. ಇಪ್ಪತ್ತು ವರ್ಷದಲ್ಲಿ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲವಂತೆ.

ಕೋಣೆಯಲ್ಲಿ ಪೆನ್ಸಿಲ್ಲು ತೆಗೆಸಿದೆ. ಈಗ ಗುಂಡಿಗಳು, ಹೊಲಿಗೆ ವಿಭಾಗದಿಂದ ತಂದದ್ದು. ಸರಿಯಿದ್ದರೆ ಬಿಳಿ, ಇಲ್ಲದಿದ್ದರೆ ಕಪ್ಪು. ಮೆತ್ತನೆ ಬಟ್ಟೆಯ ಮೇಲೆ ಇಟ್ಟು ಬಟ್ಟಲು ಮುಚ್ಚುವುದು. ಸದ್ದೇ ಇಲ್ಲ. ಮೊದಲ ದಿನ ನನಗೆ ನೆಲವೇ ಕಾಲಕೆಳಗಿಂದ ಜಾರಿದ ಹಾಗಾಯಿತು, ಅಷ್ಟು ಒಬ್ಬಂಟಿ. ತುಂಡು ನೋಡುವುದು, ಗೋಡೆ ನೋಡುವುದು, ಮತ್ತೆ ತುಂಡು. ನಮ್ಮ ಫೋಟೋ ಇದ್ದ ಜಾಗ ಇನ್ನೂ ಗಾಢವಾಗೇ ಇದೆ, ಎರಡು ಚೌಕ, ಅಕ್ಕಪಕ್ಕ. ಬಣ್ಣ ಹೊಡೆಯಲು ಬಂದಿದ್ದರು, ಬೇಡ ಅಂದೆ.

ನಿನ್ನೆ ಒಂದು ಕಂದುಬಣ್ಣದ ತುಂಡು ಬಂತು. ನೋಡಿದೆ. ಗೋಡೆ ನೋಡಿದೆ. ಮತ್ತೆ ನೋಡಿದೆ. ಕೆಂಪು ಕಮ್ಮಿ ಅನ್ನಿಸಿತು. ಕಪ್ಪು ಗುಂಡಿ ಇಟ್ಟೆ. ಕೆಮ್ಮಣ್ಣ ಬಟ್ಟಲು ಎತ್ತಿದ. ಹೊಸಬರದು ಬಿಳಿ.

ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. "ನೋಡಮ್ಮಾ ಸರಿಯಾಗಿ" ಅಂತ ಅವರು, "ನೀವು ನೋಡಿ" ಅಂತ ನಾನು. ಕೊನೆಗೆ ತುಂಡು ಹಿಡಿದುಕೊಂಡು ಅಂಗಳಕ್ಕೆ ಹೋಗಿ ಹಗಲ ಬೆಳಕಿನಲ್ಲಿ ಮೂವರೂ ನೋಡಿದೆವು. ಅವರದೇ ಸರಿ. ಕೆಂಪು ಸರಿಯಾಗೇ ಇತ್ತು.

ಎಷ್ಟೋ ತಿಂಗಳ ಮೇಲೆ ನಾನೇ ನೋಡಿ, ನನ್ನ ಕಣ್ಣಿಂದಲೇ ತಪ್ಪು ಮಾಡಿದೆ ಕಣೇ. ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಗುತ್ತಿದ್ದೆ.

ನವೆಂಬರಿನಲ್ಲಿ ನೀನು ಬಂದ ಮೇಲೆ ಕಾಫಿಬಣ್ಣದ ಜಗಳ ಮುಗಿಸೋಣ. ಆವತ್ತು ನಾನೇ ಸರಿ ಇದ್ದೆ.

ನಿನ್ನ ಹದ್ದು